ಶೈಲಿ ಬರುವವರೆಗೆ ಕಾಯಬೇಕೇ?

ಚಿತ್ರ ಬರೆಯುವ ಎಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನನ್ನದೇ ಶೈಲಿ ಇನ್ನೂ ಬಂದಿಲ್ಲ. ಅದು ಬರುವ ಮೊದಲೇ ಚಿತ್ರಗಳನ್ನು ಮಾರಾಟಕ್ಕೆ ಇಡಬಹುದೇ?" ಖಂಡಿತ ಇಡಿ. ಶೈಲಿ ಪಕ್ವವಾಗಲಿ ಎಂದು ಕಾದು ಕುಳಿತವರು ಕಲಿಕೆ, ಮಾರಾಟ ಎರಡನ್ನೂ ಮುಂದೂಡುತ್ತಲೇ ಹೋಗುವುದನ್ನು ಕಂಡಿದ್ದೇನೆ.

ಡಚ್ ಚಿತ್ರಕಾರ ಪೀಟ್ ಮಾಂಡ್ರಿಯನ್ ಎಂದೊಡನೆ ಕಪ್ಪು ಗೆರೆಗಳ ನಡುವಿನ ಕೆಂಪು, ಹಳದಿ, ನೀಲಿ ಚೌಕಗಳು ಕಣ್ಣಿಗೆ ಕಟ್ಟುತ್ತವೆ. ಆ ರೂಪ ಅವರಿಗೆ ಒಲಿದದ್ದು 1920ರ ಸುಮಾರಿಗೆ, ಐವತ್ತರ ಅಂಚಿನಲ್ಲಿ. ಅದಕ್ಕೂ ಮೊದಲು ಅವರು ಹೊಲ, ಗಾಳಿಯಂತ್ರ, ಮರಗಳನ್ನು ಬರೆಯುತ್ತಿದ್ದರು. 1908ರಿಂದ 1912ರವರೆಗಿನ ಅವರ ಮರಗಳನ್ನು ಸಾಲಾಗಿ ನೋಡಿ. ಮೊದಲು ನೀಲಿಯ ಮುಂದೆ ಕೆಂಪಾಗಿ ಉರಿಯುವ ಮರ. ಆಮೇಲೆ ಬಣ್ಣ ಇಳಿದು ಬೂದು ಉಳಿಯುತ್ತದೆ, ಕೊಂಬೆಗಳು ಕಮಾನುಗಳಾಗುತ್ತವೆ. ಹೂಬಿಟ್ಟ ಸೇಬಿನ ಮರಕ್ಕೆ ಬರುವ ಹೊತ್ತಿಗೆ ಬಾಗಿದ ಗೆರೆಗಳ ಜಾಲದೊಳಗೆ ಮರವನ್ನು ಹುಡುಕಬೇಕಾಗುತ್ತದೆ. ವಸ್ತು ಒಂದೇ ಆಗಿದ್ದುದರಿಂದಲೇ ನೋಟ ಬದಲಾದದ್ದು ನಮಗೆ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಹಾಗಾಗಿ ಒಂದೇ ವಸ್ತುವನ್ನು ಹಿಡಿದು ಬೇಸರ ಬರುವಷ್ಟು ಬರೆಯಿರಿ. ಬೇಸರ ದಾಟಿದ ಮೇಲೂ ಬರೆಯಿರಿ. ನಂತರ ಎಲ್ಲವನ್ನೂ ನೆಲದ ಮೇಲೆ ಹರಡಿ ನೋಡಿ. ನೀವು ಬಯಸದೆಯೇ ಮರಳಿ ಬರುವುದು ಯಾವುದು? ಮಸುಕಾದ ಅಂಚೇ, ಚೌಕಟ್ಟಿನಾಚೆ ಜಾರುವ ಆಕೃತಿಯೇ, ಎಲ್ಲ ಬಣ್ಣದೊಳಗೂ ಸೇರಿಕೊಳ್ಳುವ ಒಂದು ಕಂದು ಛಾಯೆಯೇ? ಅದನ್ನು ತಿದ್ದಿಬಿಡುವ ಮೊದಲು ಸ್ವಲ್ಪ ಬೆಳೆಯಲು ಬಿಡಿ. ಹಿರಿಯರ ಕೃತಿಗಳನ್ನು ನಕಲು ಮಾಡುವುದರಿಂದ ಕೈ ಪಳಗುತ್ತದೆ, ಮಾಡಬೇಕಾದದ್ದೇ. ಆ ನಕಲುಗಳನ್ನು ನಿಮ್ಮ ಕೃತಿಯೆಂದು ಮಾರಾಟಕ್ಕೆ ಮಾತ್ರ ಇಡಬೇಡಿ.

ಮಾರಾಟದ ವಿಷಯದಲ್ಲಿ ನಾನು ಗುರುವೆಂದು ತಿಳಿದಿರುವುದು ಕುಂಚ ಹಿಡಿಯದ ಒಬ್ಬ ಹೆಣ್ಣುಮಗಳನ್ನು. ವಿನ್ಸೆಂಟ್ ವ್ಯಾನ್ ಗೋ 1890ರಲ್ಲಿ ತೀರಿಕೊಂಡರು. ಕಲಾವ್ಯಾಪಾರಿಯಾಗಿದ್ದ ತಮ್ಮ ಥಿಯೊ ಆರು ತಿಂಗಳಲ್ಲೇ ಹೋದರು. ನೂರಾರು ಚಿತ್ರಗಳ ಹೊಣೆ ಥಿಯೊ ಅವರ ಪತ್ನಿ ಯೊಹಾನಾ ಅವರ ಹೆಗಲಿಗೆ ಬಿತ್ತು. ಅವರು ಎಲ್ಲವನ್ನೂ ಒಮ್ಮೆಲೇ ಮಾರಲಿಲ್ಲ. ಪ್ರದರ್ಶನಗಳಿಗೆ ಎರವಲು ಕೊಟ್ಟರು, ಆಗೊಂದು ಈಗೊಂದು ಮಾರಿದರು. 1905ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ದೊಡ್ಡ ಪ್ರದರ್ಶನ ಏರ್ಪಡಿಸಿದರು. ವಿನ್ಸೆಂಟ್ ತಮ್ಮನಿಗೆ ಬರೆದ ಪತ್ರಗಳನ್ನು 1914ರಲ್ಲಿ ಪ್ರಕಟಿಸಿ, ಚಿತ್ರಕಾರ ತನ್ನದೇ ಮಾತಿನಲ್ಲಿ ಓದುಗರಿಗೆ ಸಿಗುವಂತೆ ಮಾಡಿದರು. 1924ರಲ್ಲಿ ಸೂರ್ಯಕಾಂತಿಯ ಒಂದು ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಸೇರಿತು. ಮೂರು ದಶಕ ದಾಟಿದ ತಾಳ್ಮೆಯ ದುಡಿಮೆ ಅದು. ಚಿತ್ರಗಳನ್ನು ಒಟ್ಟಾಗಿ ಕಾಣಿಸುವುದು, ಅವು ಹುಟ್ಟಿದ ಬಗೆಯನ್ನು ನೇರವಾಗಿ ಹೇಳುವುದು, ಅವಸರಪಡದಿರುವುದು: ಬದುಕಿರುವ ಕಲಾವಿದ ಇದನ್ನು ತಾನೇ ಮಾಡಬಹುದು.

ಬೆಲೆಯನ್ನು ಅಳತೆಗೆ ತಕ್ಕಂತೆ ನಿಗದಿಪಡಿಸಿ, ಎಲ್ಲ ಕಡೆಯೂ ಅದನ್ನೇ ಹೇಳಿ. ಗ್ಯಾಲರಿಗಳು ಮಾರಾಟದ ಮೊತ್ತದಲ್ಲಿ ಅರ್ಧದವರೆಗೂ ಪಾಲು ಕೇಳುವುದುಂಟು. ಅದನ್ನು ತಪ್ಪಿಸಲು ನಿಮ್ಮ ಸ್ಟುಡಿಯೊದಲ್ಲಿ ಕಡಿಮೆ ಬೆಲೆಗೆ ಕೊಟ್ಟರೆ, ಗ್ಯಾಲರಿಯ ನಂಬಿಕೆಯೂ ಮೊದಲೇ ಪೂರ್ತಿ ಬೆಲೆ ತೆತ್ತವರ ನಂಬಿಕೆಯೂ ಹೋಗುತ್ತದೆ. ಕೊಂಡವರ ಹೆಸರು, ವಿಳಾಸ ಬರೆದಿಡಿ; ಹೊಸ ಸರಣಿ ಸಿದ್ಧವಾದಾಗ ಮೊದಲು ಅವರಿಗೆ ಪತ್ರ ಬರೆಯಿರಿ. ಜಾಲತಾಣದಲ್ಲಿ ಮೆಚ್ಚಿದ ಸಾವಿರ ಮಂದಿಗಿಂತ ಆ ಚಿಕ್ಕ ಪಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಮಾರಾಟವಾಗಲು ತೊಡಗಿದ ಮೇಲಿನ ಕಾಲ. "ಅಂಥದ್ದೇ ಇನ್ನೊಂದು ಬೇಕು" ಎನ್ನುವವರು ಬರುತ್ತಾರೆ. ಅಮೂರ್ತ ಚಿತ್ರಗಳಿಗೆ ಹೆಸರಾಗಿದ್ದ ಫಿಲಿಪ್ ಗಸ್ಟನ್ 1970ರಲ್ಲಿ ನ್ಯೂಯಾರ್ಕಿನಲ್ಲಿ ಮುಸುಕುಧಾರಿಗಳು, ಬೂಟುಗಳು ತುಂಬಿದ ಒರಟು ಚಿತ್ರಗಳನ್ನು ತೋರಿಸಿದಾಗ ವಿಮರ್ಶಕರು ಹರಿಹಾಯ್ದರು. ಅವರು ಹಿಂದಿರುಗಲಿಲ್ಲ, 1980ರಲ್ಲಿ ತೀರಿಕೊಳ್ಳುವವರೆಗೂ ಅದೇ ದಾರಿಯಲ್ಲಿ ನಡೆದರು. ಇಂದು ಅವರನ್ನು ದೊಡ್ಡ ಚಿತ್ರಕಾರರೆಂದು ಕರೆಯುವುದು ಬಹುಮಟ್ಟಿಗೆ ಆ ಕೃತಿಗಳಿಂದಾಗಿ. ಆದ್ದರಿಂದ ಗಿರಾಕಿ ಹಳೆಯದನ್ನೇ ಕೇಳಿದಾಗ, ಅದರಲ್ಲಿ ನಿಮಗೆ ಹುಡುಕುವುದು ಇನ್ನೂ ಉಳಿದಿದ್ದರೆ ಸಂತೋಷದಿಂದ ಬರೆದುಕೊಡಿ. ಕೈ ತಾನಾಗಿಯೇ ಓಡುತ್ತಿದ್ದರೆ ಒಪ್ಪಿಕೊಳ್ಳಬೇಡಿ, ಈಗ ಬರೆಯುತ್ತಿರುವುದನ್ನು ಅವರಿಗೆ ತೋರಿಸಿ.