ಹಾಲವಾಣ ಹೂಬಿಟ್ಟಾಗ ಮುತ್ತೋಡಿಯ ಹಾದಿಯಲ್ಲಿ

ಹಕ್ಕಿ ನೋಡಲು ಗುಂಪಾಗಿ ಹೊರಟವರು ಮಾರ್ಚ್ ತಿಂಗಳಲ್ಲಿ ಹೆಚ್ಚು ದೂರ ನಡೆಯುವ ಆತುರಕ್ಕೆ ಬೀಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಚಿಕ್ಕಮಗಳೂರಿನಿಂದ ಮುತ್ತೋಡಿ ಕಾಡಿನ ಕಡೆಗೆ ಹೋಗುವ ದಾರಿಯ ಕಾಫಿ ತೋಟಗಳಲ್ಲಿ ಈ ಕಾಲಕ್ಕೆ ಹಾಲವಾಣದ ಮರಗಳು ಎಲೆಯುದುರಿಸಿ, ಕೊಂಬೆಕೊಂಬೆಯಲ್ಲೂ ಕೆಂಪು ಹೂ ಹೊತ್ತು ನಿಂತಿರುತ್ತವೆ. ಅಂಥ ಒಂದು ಮರದೆದುರು ಮಾತಿಲ್ಲದೆ ನಿಂತರೆ ಸಾಕು, ಮಕರಂದಕ್ಕಾಗಿ ಹಕ್ಕಿಗಳೇ ನಮ್ಮ ಬಳಿಗೆ ಬರುತ್ತವೆ.

ಕಳೆದ ಭಾನುವಾರ ನಾವು ಹಾಗೆಯೇ ನಿಂತೆವು. ಪಿಕಳಾರ, ಗೊರವಂಕ, ಸೂರಕ್ಕಿಗಳು ಮೊದಲು ಬಂದವು. ಎಲೆಹಕ್ಕಿ ಬಂದುದು ಆಮೇಲೆ. ಬಾಲದ ತುದಿಯ ಎರಡು ಉದ್ದ ಗರಿಗಳನ್ನು ತೇಲಿಸುತ್ತ ಬಂದ ಭೀಮರಾಜ ಎಲ್ಲರನ್ನೂ ಬೆರಗುಗೊಳಿಸಿತು. ಬೇರೆ ಹಕ್ಕಿಗಳ ದನಿಯನ್ನು ಅದು ಅಚ್ಚುಕಟ್ಟಾಗಿ ಅನುಕರಿಸುವುದರಿಂದ, ಈ ಸೀಮೆಯಲ್ಲಿ ಕೇಳಿಸಿದ್ದನ್ನೆಲ್ಲ ಕಂಡದ್ದೆಂದು ಬರೆದುಕೊಳ್ಳಬಾರದೆಂದು ಹೊಸಬರಿಗೆ ತಿಳಿಸಿದೆವು. ಕಾಫಿಯನ್ನು ಅರಳಿಸುವ ಬೇಸಿಗೆಯ ಹೂಮಳೆಯ ನಂತರ ಹೂಬಿಟ್ಟಿದ್ದ ರೊಬಸ್ಟಾ ಕಾಫಿ ಗಿಡಗಳ ತುಂಬ ಜೇನುಹುಳುಗಳಿದ್ದವು. ಒಂದು ಗಿಡದ ಪರಾಗ ಇನ್ನೊಂದಕ್ಕೆ ತಲುಪದಿದ್ದರೆ ರೊಬಸ್ಟಾ ಕಾಯಿ ಕಚ್ಚುವುದಿಲ್ಲವಾದ್ದರಿಂದ ಆ ಝೇಂಕಾರ ತೋಟದವರಿಗೂ ಬೇಕಾದದ್ದೇ. ಹಳ್ಳದ ಕಲ್ಲುಗಳ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆ ಇನ್ನು ಕೆಲವೇ ವಾರಗಳಲ್ಲಿ ಹಿಮಾಲಯದ ಕಡೆಗೆ ಹೊರಡುತ್ತದೆ.

ಆದರೆ ನಾವು ಬಹಳ ಹೊತ್ತು ಕಳೆದದ್ದು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಾಗಿ. ಮಲಬಾರ್ ಬೂದು ಮಂಗಟ್ಟೆಯ ಗಂಡೊಂದು ಹಳೆಯ ನಂದಿ ಮರಕ್ಕೆ ಮತ್ತೆ ಮತ್ತೆ ಒಂಟಿಯಾಗಿ ಬಂದು ಹೋಗುತ್ತಿತ್ತು. ನಮ್ಮೊಡನಿದ್ದ ತೋಟದ ಹಿರಿಯ ಕೆಲಸಗಾರರು, "ಗಂಡು ಒಂದೇ ಓಡಾಡ್ತಾ ಇದ್ರೆ ಹೆಣ್ಣು ಪೊಟರೆ ಒಳಗೆ ಕೂತಿದೆ ಅಂತಾನೇ ಲೆಕ್ಕ ಸ್ವಾಮಿ," ಎಂದು ಮೆಲ್ಲಗೆ ಹೇಳಿದರು. ಹೆಣ್ಣು ಪೊಟರೆಯೊಳಗೆ ಸೇರಿ, ಪೊಟರೆಯ ಬಾಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅತ್ತಿ, ಬಸರಿಯಂಥ ಹಣ್ಣುಗಳನ್ನು ಗಂಡು ಆ ಸೀಳಿನಿಂದಲೇ ಒಳಗೆ ಕೊಡುತ್ತದೆ. ನಮಗೆ ಹೆದರಿ ಗಂಡು ಬರದೇ ಹೋದರೆ ಒಳಗಿರುವುದಕ್ಕೆ ಊಟವಿಲ್ಲ. ಆದ್ದರಿಂದ ದೂರದ ಬಂಡೆಯ ಮರೆಯಿಂದಷ್ಟೇ ನೋಡಿದೆವು, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಲು ಯಾರಿಗೂ ಬಿಡಲಿಲ್ಲ.

ಮಂಗಟ್ಟೆ ಮರಕುಟಿಕದಂತೆ ತಾನೇ ಮರ ಕೊರೆಯಲಾರದು; ವಯಸ್ಸಾದ ಮರಗಳ ಪೊಟರೆಯೇ ಅದಕ್ಕೆ ಗತಿ. ನೆರಳಿಗೂ ಮೆಣಸಿನ ಬಳ್ಳಿಗೂ ಒದಗುತ್ತದೆಂದು, ಬೇಗ ಬೆಳೆದು ನಾಟಾಕ್ಕೂ ಆಗುತ್ತದೆಂದು ಕಾಡುಮರಗಳ ಜಾಗದಲ್ಲಿ ಸಿಲ್ವರ್ ಓಕ್ ನೆಡುವಾಗ ಈ ಪೊಟರೆಗಳ ಲೆಕ್ಕವನ್ನು ಯಾರೂ ಇಡುವುದಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಮುಂಗಾರಿಗೆ ಮುನ್ನ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಆರಂಭವಾದಾಗ ಆ ನಂದಿ ಮರವನ್ನು ಬಿಡಬೇಕೆಂದು ತೋಟದ ಮಾಲೀಕರನ್ನು ಕೇಳಿಕೊಂಡೆವು. ಅವರು ಒಪ್ಪಿ, ಮರಿಗಳು ಹಾರುವವರೆಗೂ ಅಲ್ಲಿ ಕೊಡಲಿ ಎತ್ತಬಾರದೆಂದು ನಮ್ಮೆದುರಿನಲ್ಲೇ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ತಿಳಿಸಿದರು.