ಚಾಮುಂಡಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗೋರಿಗೆ: ಉತ್ತನಹಳ್ಳಿ ಕಡೆಯಿಂದ ಹತ್ತಿ, ಭಾನುವಾರ ಬಿಡಿ

ಮೈಸೂರಿಗೆ ಸೈಕಲ್ ಒಯ್ದು ಚಾಮುಂಡಿ ಬೆಟ್ಟ ಹತ್ತಬೇಕು ಅಂತಿದ್ದೀರಾ? ಹಾಗಾದರೆ ರೂಮ್ ಬುಕ್ ಮಾಡುವ ಮುಂಚೆ ಲಾಡ್ಜಿಗೆ ಫೋನ್ ಮಾಡಿ, ಸೈಕಲ್ ರೂಮಿನೊಳಗೆ ಇಟ್ಟುಕೊಳ್ಳೋಕೆ ಬಿಡ್ತೀರಾ ಅಂತ ಕೇಳಿ. ಬಾಯಿಮಾತು ಸಾಲದು, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಮಗೆ ಫೋನ್‌ನಲ್ಲಿ "ಬನ್ನಿ ಸಾರ್, ಏನೂ ತೊಂದರೆ ಇಲ್ಲ" ಅಂದವರು ರಾತ್ರಿ ಹತ್ತೂವರೆಗೆ ಬಾಗಿಲಲ್ಲಿ ಹೋಗಿ ನಿಂತಾಗ ಮಾತು ಬದಲಾಯಿಸಿದರು. ಹೊಸ ಟೈಲ್ಸ್ ಹಾಕ್ಸಿದ್ದೀವಿ, ಸೈಕಲ್ ಮೇಲೆ ಬಿಡಲ್ಲ, ಕೆಳಗೆ ಜನರೇಟರ್ ಪಕ್ಕ ನಿಲ್ಲಿಸಿ, ಒಂದು ಸೈಕಲ್‌ಗೆ ರಾತ್ರಿಗೆ ಇನ್ನೂರು ರೂಪಾಯಿ. ಅದೇ ಕಾಂಪೌಂಡಿನಲ್ಲಿ ನಿಂತಿದ್ದ ಕಾರುಗಳಿಗೆ ಒಂದು ಪೈಸೆ ಇಲ್ಲ! ರಶೀದಿ ಕೇಳಿದರೆ ಪುಸ್ತಕ ಮುಗಿದಿದೆ ಅಂತ. ಆ ಹೊತ್ತಿನಲ್ಲಿ ಇನ್ನೊಂದು ಕಡೆ ಹುಡುಕೋಕಾಗಲ್ಲ ಅನ್ನೋದು ಅವರಿಗೂ ಗೊತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಕೆಳಗೆ ಬಂದರೆ ಶಟರ್‌ಗೆ ಬೀಗ. ಬೀಗದಕೈ ಇಟ್ಟುಕೊಂಡಿದ್ದ ಹುಡುಗನನ್ನು ಹುಡುಕಿ ಎಬ್ಬಿಸುವಷ್ಟರಲ್ಲಿ ಬೆಳಕು ಹರಿಯೋಕೆ ಶುರುವಾಗಿತ್ತು. ನನ್ನ ತಮ್ಮನ ಸೈಕಲ್‌ನ ಹಿಂದಿನ ಡಿರೈಲರ್, ಅಂದರೆ ಗೇರ್ ಬದಲಾಯಿಸುವ ಭಾಗದ ಮೇಲೆ ಯಾರೋ ಡೀಸೆಲ್ ಕ್ಯಾನ್ ಒರಗಿಸಿದ್ದರು. ಅದನ್ನು ಹಿಡಿದಿರುವ ಹ್ಯಾಂಗರ್ ಒಳಗೆ ಬಾಗಿತ್ತು, ಚೈನ್ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹತ್ತಿದ ತಕ್ಷಣ ಡಿರೈಲರ್ ಚಕ್ರದ ಕಡ್ಡಿಗಳಿಗೆ ಟಿಕ್ ಟಿಕ್ ಅಂತ ತಾಗ್ತಿತ್ತು. ಬೆಟ್ಟ ಹತ್ತುವ ದಿನ ಕೆಳಗಿನ ಗೇರೇ ಇಲ್ಲ ಅಂದರೆ ಹೇಗಿರುತ್ತೆ ಅನ್ನೋದು ಸೈಕಲ್ ತುಳಿಯೋರಿಗೆ ಗೊತ್ತು. ಹಾಗಾಗಿ ಹೇಳ್ತೀನಿ, ಪೇಟೆ ನಡುವಿನ ಲಾಡ್ಜು ಬಿಟ್ಟು ಕೆಳಮಹಡಿಯಲ್ಲಿ ರೂಮಿರುವ ಚಿಕ್ಕ ಹೋಮ್‌ಸ್ಟೇ ಹುಡುಕಿ. ಮಾರನೇ ದಿನ ನಾವು ಹೋದದ್ದು ಅಂಥ ಒಂದು ಮನೆಗೆ. ಸೈಕಲ್ ಹಾಲ್‌ನಲ್ಲೇ ನಿಲ್ಲಿಸಿದೆವು, ಬಾಡಿಗೆಯೂ ಕಡಿಮೆ ಆಯ್ತು.

ಇನ್ನು ಬೆಟ್ಟ. ತುದಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ. ಮೈಸೂರು ಊರೇ ಸುಮಾರು 770 ಮೀಟರಿನಲ್ಲಿರೋದರಿಂದ ಹತ್ತಬೇಕಾದ್ದು ಮುನ್ನೂರು ಮೀಟರಿಗಿಂತ ತುಸು ಕಡಿಮೆ. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ಉಸಿರು ಕಟ್ಟುತ್ತಲ್ಲ, ಅಂಥದ್ದು ಇಲ್ಲಿಲ್ಲ. ಮುಂದಿನ ಹಲ್ಲುಚಕ್ರದಲ್ಲಿ 34, ಹಿಂದಿನದರಲ್ಲಿ 32 ಹಲ್ಲು ಇದ್ದರೆ ಹೊಸಬರೂ ಕೂತೇ ಹತ್ತಬಹುದು. ಊರಿಗೆ ಇಷ್ಟು ಹತ್ತಿರ, ರಸ್ತೆಯ ಎರಡೂ ಕಡೆ ಮೀಸಲು ಅರಣ್ಯ. ಕುರುಚಲು ಕಾಡು, ಬಂಡೆ, ನವಿಲು. ಚಿರತೆಯೂ ಇದೆ, ಸುಮ್ನೆ ಹೆದರಿಸೋಕೆ ಹೇಳ್ತಿಲ್ಲ, ಆಗಾಗ ಜನರ ಕಣ್ಣಿಗೆ ಬೀಳುತ್ತೆ. ನಸುಕಿನಲ್ಲಿ ಒಬ್ಬರೇ ಹೋಗಬೇಡಿ. ಮುಂದಿನ ಲೈಟ್, ಹಿಂದಿನ ಕೆಂಪು ದೀಪ ಎರಡೂ ಇರಲಿ.

ಬಹಳ ಜನ ತಾವರೆಕಟ್ಟೆ ಕಡೆಯಿಂದಲೇ ಹತ್ತುತ್ತಾರೆ. ಅದು ಮುಖ್ಯ ರಸ್ತೆ, ಡಾಂಬರು ಚೆನ್ನಾಗಿದೆ, ತಿರುವು ಅಗಲ. ವಾರದ ದಿನ ಆರು ಗಂಟೆಯೊಳಗೆ ಹೋದರೆ ವಾಕಿಂಗ್ ಬಂದವರು, ಓಡುವ ಹುಡುಗರು, ಒಂದೆರಡು ಸೈಕಲ್, ಅಷ್ಟೇ. ಭಾನುವಾರ ಅದೇ ರಸ್ತೆಯಲ್ಲಿ ಬೇಡ ಅನ್ನಿಸುವಷ್ಟು ಗಾಡಿ. ಏಳು ಗಂಟೆ ಆಯ್ತು ಅಂದರೆ ಸೈಲೆನ್ಸರ್ ಬಿಚ್ಚಿಸಿದ ಬೈಕುಗಳು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚುವ ಹುಡುಗರು, ತಿರುವಿನಲ್ಲೇ ಕಾರು ನಿಲ್ಲಿಸಿ ಕೋತಿಗೆ ಚಿಪ್ಸ್ ಎಸೆಯುವ ಸಂಸಾರಗಳು. ನನಗೆ ಹಾರ್ನ್ ಶಬ್ದ ಕಂಡರೆ ಆಗಲ್ಲ, ಅದಕ್ಕೇ ಜಾಸ್ತಿ ಹೇಳ್ತಿದ್ದೀನಿ ಅಂತ ಬೇಕಾದರೆ ಅಂದುಕೊಳ್ಳಿ. ಆದರೆ ಚಿಪ್ಸ್ ರುಚಿ ಕಂಡ ಕೋತಿ ಸೈಕಲ್‌ನವರ ಹ್ಯಾಂಡಲ್ ಚೀಲಕ್ಕೂ ಕೈ ಹಾಕುತ್ತೆ. ಇಳಿಜಾರಿನಲ್ಲಿ ಅದು ಎದುರಿಗೆ ಹಾರಿದರೆ ಬೀಳೋರು ನಾವು. ವಾರಕ್ಕೆ ಒಂದು ಬೆಳಿಗ್ಗೆಯಾದರೂ ಎಂಟು ಗಂಟೆವರೆಗೆ ಖಾಸಗಿ ಗಾಡಿಗಳನ್ನು ಕೆಳಗೇ ನಿಲ್ಲಿಸಿ, ನಡೆಯೋರಿಗೆ, ಸೈಕಲ್‌ನವರಿಗೆ, ಬಸ್ಸಿಗೆ ಮಾತ್ರ ಬಿಡಬೇಕು. ಆಷಾಢ ಶುಕ್ರವಾರಗಳಲ್ಲಿ ಲಲಿತಮಹಲ್ ಹತ್ತಿರದಿಂದ ಬಸ್ ಬಿಟ್ಟು ಅಷ್ಟು ಲಕ್ಷ ಜನರನ್ನು ಸಾಗಿಸೋಕಾಗುತ್ತೆ ಅಂದಮೇಲೆ ಇದೇನು ದೊಡ್ಡ ವಿಷಯ ಅಲ್ಲ. ರೋಪ್‌ವೇ ಬೇಡ ಅಂತ ಗಟ್ಟಿಯಾಗಿ ನಿಂತ ಊರು ಇದು, ಇದನ್ನೂ ಕೇಳಿದರೆ ಆಗುತ್ತೆ ಅಂತ ನನ್ನ ನಂಬಿಕೆ.

ನನ್ನ ಸಲಹೆ ಉತ್ತನಹಳ್ಳಿ ಕಡೆಯ ರಸ್ತೆ. ಊರಿನಿಂದ ನಂಜನಗೂಡು ದಾರಿ ಹಿಡಿದು ಬೆಟ್ಟವನ್ನು ಎಡಕ್ಕೆ ಇಟ್ಟುಕೊಂಡು ಬಂದರೆ ಉತ್ತನಹಳ್ಳಿ ಸಿಗುತ್ತೆ. ಜ್ವಾಲಾಮುಖಿ ತ್ರಿಪುರಸುಂದರಿ ಅಮ್ಮನ ಗುಡಿ ಇರೋದು ಇಲ್ಲೇ, ಚಾಮುಂಡಿಯ ತಂಗಿ ಅಂತ ಜನ ನಡೆದುಕೊಳ್ಳುತ್ತಾರೆ. ಅಲ್ಲಿಂದ ಮೇಲೆ ಹೋಗುವ ರಸ್ತೆಯಲ್ಲಿ ಗಾಡಿ ಕಡಿಮೆ, ನೆರಳು ಜಾಸ್ತಿ. ಮೇಲೆ ಹೋದಮೇಲೆ ಮುಖ್ಯ ರಸ್ತೆಗೆ ಸೇರುತ್ತೆ. ಹತ್ತೋಕೆ ಇದು, ಇಳಿಯೋಕೆ ತಾವರೆಕಟ್ಟೆ ಕಡೆ. ಕಾಲಿಗೆ ಇನ್ನೂ ಶಕ್ತಿ ಇದ್ದರೆ ಕೆಳಗೆ ಬಂದು ಮತ್ತೆ ಸುತ್ತಿಕೊಂಡು ಹತ್ತಿ. ಇಳಿಯುವಾಗ ಬ್ರೇಕ್ ಒಂದೇ ಸಮ ಹಿಡಿದಿರಬೇಡಿ, ಹಿಡಿದು ಬಿಟ್ಟು ಮಾಡಿ, ರಿಮ್ ಬ್ರೇಕ್ ಇದ್ದರಂತೂ ರಿಮ್ ಕಾಯ್ದುಬಿಡುತ್ತೆ. ಬೇಸಿಗೆಯಲ್ಲಿ ಇಲ್ಲಿನ ಒಣ ಹುಲ್ಲಿಗೆ ಬೆಂಕಿ ಬೀಳೋದು ಹೊಸದಲ್ಲ. ಹೊಗೆ ಕಂಡರೆ ನೋಡೋಕೆ ಅಂತ ನಿಲ್ಲಬೇಡಿ, ವಾಪಸ್ ಇಳಿದು ಗೇಟಿನಲ್ಲಿ ತಿಳಿಸಿ.

ದೊಡ್ಡ ನಂದಿಗೆ ಹೋಗುವ ರಸ್ತೆಯ ವಿಷಯ ಬೇರೆ. ವ್ಯೂ ಪಾಯಿಂಟ್‌ನಿಂದ ನಂದಿ ಕಡೆ ಹೋಗುವ ದಾರಿ 2021ರ ಮಳೆಯಲ್ಲಿ ಕುಸಿದು ಹೋಯಿತು. ಮೊಬೈಲ್ ಮ್ಯಾಪ್ ಆ ಕಡೆ ತಿರುಗಿಸಿದರೂ ಅದರ ಮಾತು ಕೇಳಬೇಡಿ, ತಾವರೆಕಟ್ಟೆಯಲ್ಲಿ ವಿಚಾರಿಸಿಕೊಂಡೇ ಹೋಗಿ. ನಂದಿ ನೋಡಲೇಬೇಕು ಅಂದರೆ ಸೈಕಲ್ ಬೆಟ್ಟದ ತುದಿಯಲ್ಲೇ ಬೀಗ ಹಾಕಿ ನಿಲ್ಲಿಸಿ ಮೆಟ್ಟಿಲು ಇಳಿದು ಹೋಗಬಹುದು. ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಬಂಡೆಯಲ್ಲಿ ಕಡೆದದ್ದು, ಎದುರು ನಿಂತಾಗಲೇ ಅದರ ಗಾತ್ರ ಗೊತ್ತಾಗೋದು. ಕ್ಲೀಟ್ (ಪೆಡಲ್‌ಗೆ ಸಿಕ್ಕಿಸುವ ಗಟ್ಟಿ ತುಂಡು) ಇರುವ ಶೂನಲ್ಲಿ ಆ ಕಲ್ಲಿನ ಮೆಟ್ಟಿಲು ಅಪಾಯ, ಚೀಲದಲ್ಲಿ ಹವಾಯಿ ಚಪ್ಪಲಿ ಇಟ್ಟುಕೊಳ್ಳಿ. ಗುಡಿಯ ಮುಂದೆ ಹೂ ಮಾರುವ ಒಬ್ಬ ಅಕ್ಕನ ಹತ್ತಿರ ಮೊಳ ಹೂ ತಗೊಂಡು "ಸ್ವಲ್ಪ ಸೈಕಲ್ ಕಡೆ ನೋಡ್ತಿರಿ ಅಕ್ಕಾ" ಅಂದರೆ ನಾವು ಬರುವವರೆಗೂ ನೋಡಿಕೊಂಡಿದ್ದರು.

ಹಸಿವಿನ ಬಗ್ಗೆ ಹೇಳಲೇಬೇಕು. ಮೇಲೆ ತಿನ್ನೋಕೆ ಹೋಗಬೇಡಿ, ಕೆಳಗೆ ಬನ್ನಿ. ನಜರ್‌ಬಾದ್ ಕಡೆಯ ಒಂದು ಅಡ್ಡರಸ್ತೆಯಲ್ಲಿ ಬೋರ್ಡಿಲ್ಲದ ಒಂದು ಹೋಟೆಲ್ ಸಿಕ್ಕಿತು. ಮನೆಯ ಮುಂದಿನ ಕೋಣೆಯೇ ಹೋಟೆಲ್, ನಾಲ್ಕು ಟೇಬಲ್, ಗೋಡೆ ಮೇಲೆ ಅರಮನೆಯ ಕ್ಯಾಲೆಂಡರ್. ದೋಸೆ ಹಾಕೋರು ಅಮ್ಮ, ಕಾಫಿ ಕೊಡೋರು ಅವರ ಯಜಮಾನರು. ಸೆಟ್ ದೋಸೆ ಅಂದರೆ ಅಂಗೈ ಅಗಲದ ಮೂರು, ಬೆರಳಿಟ್ಟರೆ ತಗ್ಗಿ ಮತ್ತೆ ಮೇಲೆ ಬರುವಷ್ಟು ಮೆತ್ತಗೆ, ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ. ಸಾಗುವಿಗೆ ಆಲೂಗಡ್ಡೆ ತುಂಬಿ ಮುಗಿಸಿರಲಿಲ್ಲ. ಬೀನ್ಸ್, ಕ್ಯಾರೆಟ್, ಬಟಾಣಿ, ಗಸಗಸೆ ರುಬ್ಬಿ ಹಾಕಿದ ಮಂದ ರಸ. ಚಟ್ನಿಯಲ್ಲಿ ಕಾಯಿ ಹಿಂದಿನ ದಿನದ್ದಲ್ಲ, ಬಾಯಿಗಿಟ್ಟರೆ ಗೊತ್ತಾಗುತ್ತೆ. ಬೆವರು ಸುರಿಸಿಕೊಂಡು ಬಂದ ನಮ್ಮನ್ನು ನೋಡಿ ಅಮ್ಮ ಮೊದಲು ಒಂದು ಚೊಂಬು ನೀರಿಟ್ಟರು. "ಬೆಟ್ಟಕ್ಕೋಗಿದ್ರಾ? ಇನ್ನೊಂದು ಹಾಕ್ಲಾ ಮಗಾ, ನಾಚ್ಕೋಬೇಡ" ಅಂತ ತಮ್ಮನ ತಟ್ಟೆಗೆ ಕೇಳುವ ಮೊದಲೇ ಹಾಕಿದರು, ಅದಕ್ಕೆ ದುಡ್ಡೂ ಹಿಡಿಯಲಿಲ್ಲ. ಮೂರು ಜನ ಹೊಟ್ಟೆ ಬಿರಿಯ ತಿಂದು ಕಾಫಿ ಕುಡಿದದ್ದಕ್ಕೆ ಆದದ್ದು ಇನ್ನೂರ ಹತ್ತು ರೂಪಾಯಿ. ಲಾಡ್ಜಿನವರು ಒಂದು ಸೈಕಲ್ ಕೆಡಿಸೋಕೆ ತಗೊಂಡದ್ದು ಹೆಚ್ಚೂಕಡಿಮೆ ಅಷ್ಟೇ! ಒಂಬತ್ತೂವರೆ ಮೇಲೆ ಹೋದರೆ ಹಿಟ್ಟು ಖಾಲಿಯಾಗಿರುತ್ತೆ. ಸ್ಕ್ಯಾನ್ ಮಾಡೋಕೆ ಏನೂ ಇಲ್ಲ, ಚಿಲ್ಲರೆ ಇಟ್ಟುಕೊಂಡು ಹೋಗಿ.

ಬೆಂಗಳೂರಿನಿಂದ ತುಳಿದುಕೊಂಡೇ ಹೋಗೋರು ಒಂದು ವಿಷಯ ಗಮನಿಸಿ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನ, ಆಟೋಗಳ ಜೊತೆ ಸೈಕಲ್‌ಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಎದುರಿನಿಂದ ಬರುವ ಟ್ರ್ಯಾಕ್ಟರು, ಊರು ಊರಿಗೂ ಉಬ್ಬು, ಕತ್ತಲಾದರೆ ನನಗಂತೂ ಧೈರ್ಯ ಇಲ್ಲ. ರೈಲಿನ ಲಗೇಜ್ ವ್ಯಾನಿಗೆ ಸೈಕಲ್ ಹಾಕೋದಾದರೆ ಹೊರಡುವ ಗಂಟೆ ಮುಂಚೆಯೇ ಪಾರ್ಸೆಲ್ ಕಚೇರಿಗೆ ಹೋಗಿ, ಪ್ರಯಾಣದ ಟಿಕೆಟ್ ಕೈಯಲ್ಲಿರಲಿ. ಹಿಂದಿನ ಡಿರೈಲರ್‌ಗೆ ರಟ್ಟು ಸುತ್ತಿ ಕಟ್ಟಿ, ಪೆಡಲ್ ಬಿಚ್ಚಿಟ್ಟುಕೊಳ್ಳಿ.

ಆಷಾಢ ಶುಕ್ರವಾರ, ಅಮ್ಮನವರ ವರ್ಧಂತಿ, ದಸರಾ ವಾರ, ಈ ದಿನಗಳಲ್ಲಿ ಸೈಕಲ್ ತಗೊಂಡು ಬೆಟ್ಟದ ಕಡೆ ಹೋಗಲೇಬೇಡಿ. ಆ ದಿನ ವರುಣಾ ಕೆರೆ ಕಡೆ ಹೋಗಿ, ಟಿ. ನರಸೀಪುರ ರಸ್ತೆಯಲ್ಲಿದೆ, ಹಕ್ಕಿ ನೋಡಿಕೊಂಡು ಬರಬಹುದು. ಎಲ್ಲಿಗೇ ಹೋದರೂ ಟ್ಯೂಬ್ ಎರಡು ಇರಲಿ. ರಸ್ತೆ ಅಂಚಿನಲ್ಲಿ ಜಾಲಿ ಮುಳ್ಳು ಬಿದ್ದಿರುತ್ತೆ, ಅಷ್ಟು ಬೆಳಿಗ್ಗೆ ಯಾವ ಸೈಕಲ್ ಅಂಗಡಿಯೂ ತೆರೆದಿರಲ್ಲ.