ಸೋಲಾರ್ ದೀಪ ಬಿಸಾಡೋ ಮೊದಲು ಒಂದ್ಸಲ ಬಿಚ್ಚಿ ನೋಡಿ

ಇವತ್ತು ಅಂಗಳದ ಸೋಲಾರ್ ದೀಪ ಬಿಚ್ಚಿದೆ. ಸಂಜೆ ಹೊತ್ತಿಕೊಂಡರೆ ಸ್ವಲ್ಪ ಹೊತ್ತಿಗೇ ಮಂಕಾಗುತ್ತಿತ್ತು. ಮನೆಯಲ್ಲಿ ಎಲ್ಲರೂ ಹೊಸದು ತರೋಣ ಅಂದರು, ನನಗೆ ಮನಸ್ಸಾಗಲಿಲ್ಲ.

ಒಳಗೆ ಇದ್ದದ್ದು ಒಂದೇ ಒಂದು ಬ್ಯಾಟರಿ. 1.2 ವೋಲ್ಟಿನದು, ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನಷ್ಟೇ ದಪ್ಪ, ತುದಿಗೆ ಬಿಳಿ ಪುಡಿ ಕಟ್ಟಿತ್ತು. ದಿನಾ ಬಿಸಿಲಲ್ಲಿ ತುಂಬಿಕೊಂಡು ದಿನಾ ರಾತ್ರಿ ಖಾಲಿಯಾಗೋ ಜೀವ ಅದು, ಅದರ ಮೇಲೆ ನಮ್ಮ ರಾಯಚೂರಿನ 40 ಡಿಗ್ರಿ ದಾಟುವ ಬೇಸಿಗೆ ಬೇರೆ, ಒಂದೆರಡು ವರ್ಷಕ್ಕೆ ಸೋತು ಹೋಗೋದು ಸಹಜ ಅಲ್ವಾ? ಎಲ್‌ಇಡಿ ಚೆನ್ನಾಗಿಯೇ ಇತ್ತು. ಪ್ಯಾನೆಲ್ ಕೂಡ. ಅದರ ಮೇಲೆ ಎರೆಮಣ್ಣಿನ ಧೂಳು ಮಾತ್ರ ದಪ್ಪಗೆ ಕೂತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು.

ಬ್ಯಾಟರಿ ಬದಲಿಸಿದೆ, ಈಗ ಜೋರಾಗಿ ಉರಿಯುತ್ತಿದೆ. ಆದರೆ ರೀಚಾರ್ಜ್ ಆಗುವಂಥದ್ದೇ ಹಾಕಬೇಕು, ಮಾಮೂಲಿ ಸೆಲ್ ಹಾಕಿದರೆ ಸೋರುತ್ತದೆ. ಕೆಲವು ದೀಪಗಳಲ್ಲಿ 3.2 ವೋಲ್ಟಿನ ಲಿಥಿಯಂ ಇರುತ್ತದೆ, ಅದರ ಜಾಗಕ್ಕೆ ಇದು ಬರೋದಿಲ್ಲ. ಹಳೇದರ ಮೇಲೆ ಬರೆದಿದ್ದನ್ನು ಓದಿಕೊಂಡೇ ಅಂಗಡಿಗೆ ಹೋಗಿ.

ಇನ್ನೊಂದು. ಇಂಥ ಸಣ್ಣ ದೀಪಗಳಲ್ಲಿ ಕತ್ತಲಾಯಿತು ಅಂತ ತಿಳಿಯೋದು ಬಹಳ ಸಲ ಪ್ಯಾನೆಲ್ಲಿಂದಲೇ. ಬೀದಿ ದೀಪದ ಬೆಳಕು ಅದರ ಮೇಲೆ ಬಿದ್ದರೆ ಹೊತ್ತೋದೇ ಇಲ್ಲ, ಕೆಟ್ಟಿದೆ ಅಂದುಕೊಂಡು ಜನ ಸುಮ್ನೆ ತಿಪ್ಪೆಗೆ ಎಸೆಯುತ್ತಾರೆ. ಒಳ್ಳೇ ವಸ್ತು ಹಾಗೆ ಹಾಳಾಗೋದು ನೋಡಿದರೆ ನಿಜವಾಗಲೂ ಸಂಕಟ ಆಗುತ್ತದೆ.

ತೆಗೆದಿಟ್ಟ ಹಳೇ ಬ್ಯಾಟರಿ ಕಸಕ್ಕೆ ಹಾಕೋಕೆ ಇಷ್ಟವಿಲ್ಲ. ಊರಲ್ಲಿ ಇಂಥದ್ದನ್ನು ತಗೊಳ್ಳೋರು ಯಾರಾದರೂ ಇದ್ದರೆ ಹೇಳ್ರಪ್ಪಾ.